ನೆಕ್ಸ್ಟ್, ನೆಕ್ಸ್ಟ್, ಅಕ್ಸೆಪ್ಟ್

ಹೊಸ ಲ್ಯಾಪ್‌ಟಾಪಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಮೇಜಿನ ಮೇಲೇ ಬಿದ್ದಿತ್ತು. ಹುಮನಾಬಾದಿನಲ್ಲಿ ನಮ್ಮ ಪರಿಚಯದ ಹುಡುಗನದೊಂದು ಆನ್‌ಲೈನ್ ಅಂಗಡಿ ಇದೆ. ಒಂದು ಝೆರಾಕ್ಸ್ ಮಷೀನು, ಒಂದು ಬೆರಳಚ್ಚಿನ ಡಬ್ಬಿ, ಗೋಡೆಯ ಮೇಲೆ ಪಹಣಿ, ಜಾತಿ-ಆದಾಯ, 371ಜೆ, ಪಾನ್ ಕಾರ್ಡ್, ಬೆಳೆ ವಿಮೆ ಎಂದು ಬರೆಸಿದ ಫ್ಲೆಕ್ಸು. ಹಳೆಯ ಕಂಪ್ಯೂಟರ್ ಸೋತಿತೆಂದು ಹೊಸದು ತಂದಿದ್ದ. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದೆ. ಪರದೆಯ ಮೇಲೆ ಒಂದಾದ ಮೇಲೊಂದು ಇಂಗ್ಲಿಷ್ ಪುಟ ಬರುತ್ತಿತ್ತು. ನಿಮ್ಮ ದೇಶ ಯಾವುದು, ಕೀಬೋರ್ಡ್ ಯಾವುದು, ಖಾತೆ ತೆರೆಯಿರಿ. ಆಮೇಲೆ ನೀವು ಇರುವ ಜಾಗ ತಿಳಿಯಬಹುದೇ, ಯಂತ್ರದ ವಿವರ ಕಳಿಸಬಹುದೇ, ನೀವು ಟೈಪ್ ಮಾಡುವುದನ್ನು ಗಮನಿಸಬಹುದೇ, ಜಾಹೀರಾತಿಗೆ ಒಂದು ಗುರುತು ಕೊಡಬಹುದೇ. ಹುಡುಗನ ಬೆರಳು ನಿಲ್ಲಲಿಲ್ಲ. ನೆಕ್ಸ್ಟ್, ನೆಕ್ಸ್ಟ್, ಅಕ್ಸೆಪ್ಟ್.

"ಈಗ ಯಾವುದಕ್ಕೆ ಹ್ಞೂಂ ಅಂದಿ ತಮ್ಮಾ?" ಎಂದು ಕೇಳಿದೆ.

"ಗೊತ್ತಿಲ್ರಿ ಕಾಕಾ. ಎಲ್ಲಾರೂ ಹಿಂಗೇ ಒತ್ತತಾರ. ಒತ್ತಲಿಲ್ಲಂದ್ರ ಮುಂದಕ ಹೋಗಲ್ಲ."

ಅವನದು ತಪ್ಪಲ್ಲ. ನಾನೂ ಎಷ್ಟೋ ವರ್ಷ ಹಾಗೇ ಒತ್ತಿದವನು. ಆದರೆ ಈ ಅಂಗಡಿಯ ಯಂತ್ರದೊಳಗೆ ಹೋಗುವುದು ಅವನೊಬ್ಬನ ಫೋಟೋ, ಅವನೊಬ್ಬನ ಪತ್ರ ಅಲ್ಲ. ದಿನಕ್ಕೆ ಹತ್ತಾರು ಮಂದಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಮೀನಿನ ಸರ್ವೆ ನಂಬರು, ಮಕ್ಕಳ ಮಾರ್ಕ್ಸ್ ಕಾರ್ಡು ಇದರೊಳಗೆ ಹಾದು ಹೋಗುತ್ತವೆ. ಅವರೆಲ್ಲರ ಪರವಾಗಿಯೂ ಅವನು ಆ ಅರೆಗಳಿಗೆಯಲ್ಲಿ ಒಪ್ಪಿಗೆ ಕೊಟ್ಟುಬಿಟ್ಟ.

ಇಲ್ಲಿಂದ ಪುಣೆ ಹೆದ್ದಾರಿ ಹಿಡಿದರೆ ಬಸವಕಲ್ಯಾಣ ಬಹಳ ದೂರವಿಲ್ಲ. ಅದು ಬರೀ ಕಲ್ಯಾಣವಾಗಿದ್ದ ಕಾಲದಲ್ಲಿ, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ರಾಜಧಾನಿಯಲ್ಲಿ, ವಿಜ್ಞಾನೇಶ್ವರ ಮಿತಾಕ್ಷರ ಬರೆದ. ನಾವು ಅದನ್ನು ಆಸ್ತಿ ಪಾಲಿನ ಗ್ರಂಥವೆಂದಷ್ಟೇ ಬಲ್ಲೆವು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ಮಾತು ಕೋರ್ಟಿನ ವಾದಗಳಲ್ಲಿ ಈಗಲೂ ಕೇಳಿಬರುತ್ತದೆ. ಆದರೆ ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ, ಮತ್ತು ಆ ಸ್ಮೃತಿಯಲ್ಲಿ ಪತ್ರ ಬರೆಯುವ ಕ್ರಮಕ್ಕೇ ಒಂದು ಪ್ರಕರಣವಿದೆ. ಸಾಲಪತ್ರ ಬರೆದು ಮುಗಿದ ಮೇಲೆ, ಮೇಲೆ ಬರೆದದ್ದು ತನಗೆ ಸಮ್ಮತವೆಂದು ಸಾಲಗಾರ ತನ್ನ ಕೈಯಿಂದಲೇ, ತಂದೆಯ ಹೆಸರು ಸಮೇತ ಬರೆಯಬೇಕು. ಅಕ್ಷರ ಬಾರದವನಾದರೆ ಸಾಕ್ಷಿಗಳ ಎದುರಿಗೆ ಇನ್ನೊಬ್ಬರಿಂದ ತನ್ನ ಸಮ್ಮತಿ ಬರೆಸಬೇಕು. ಬಲವಂತದಿಂದಲೋ ಮೋಸದಿಂದಲೋ ಮಾಡಿಸಿದ ಪತ್ರ ಪ್ರಮಾಣವಲ್ಲ. ಒಪ್ಪಿಗೆ ಅಂದರೆ ಏನು ಎನ್ನುವುದನ್ನು ಒಂಬೈನೂರು ವರ್ಷಗಳ ಹಿಂದೆ ಇಷ್ಟು ಕಟ್ಟುನಿಟ್ಟಾಗಿ ವಿವರಿಸಿದ ಊರಿನ ಪಕ್ಕದಲ್ಲಿ, ಓದದ ಪುಟಕ್ಕೆ ಒತ್ತಿದ ಒಂದು ಗುಂಡಿ ಒಪ್ಪಿಗೆ ಎನಿಸಿಕೊಳ್ಳುವುದು ನನಗೆ ಸಹಿಸದ ಮಾತು.

ಹಾಗಾದರೆ ಯಂತ್ರ ನಿಜಕ್ಕೂ ಏನು ಕಳಿಸುತ್ತದೆ? ಹೆದರಿಸಲು ಹೇಳುವ ಸುದ್ದಿಗಳು ವಾಟ್ಸಾಪಿನಲ್ಲಿ ಬೇಕಾದಷ್ಟಿವೆ. ಅದಕ್ಕೇ ಇದನ್ನು ಸಾವಕಾಶವಾಗಿ ನೋಡಬೇಕು.

ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತೇವೆ. ನಮ್ಮ ಕಡೆ ಅದು ಹೆಚ್ಚಾಗಿ ವಿಂಡೋಸ್. ಪ್ರೋಗ್ರಾಮ್ ಕೆಟ್ಟು ನಿಂತಾಗ 'ವರದಿ ಕಳಿಸಲೇ' ಎಂದು ಕೇಳುವ ಪದ್ಧತಿ 2001ರ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇದೆ. ಆಗ ಅದು ಕೇಳುತ್ತಿತ್ತು, ನಾವು 'ಬೇಡ' ಒತ್ತುತ್ತಿದ್ದೆವು. 2015ರ ಜುಲೈ 29ರಂದು ಬಂದ ವಿಂಡೋಸ್ 10ರಲ್ಲಿ ಈ ವರದಿಗಾರಿಕೆ ಯಾರ ಅಪ್ಪಣೆಗೂ ಕಾಯದೆ ಹಿನ್ನೆಲೆಯಲ್ಲಿ ಸದಾ ನಡೆಯುವ ಕೆಲಸವಾಯಿತು. ಇದಕ್ಕೆ ಟೆಲಿಮೆಟ್ರಿ ಎನ್ನುತ್ತಾರೆ, ದೂರದಿಂದ ಅಳೆಯುವುದು ಎಂದರ್ಥ. ಅದೇ ವರ್ಷ ಕೆಲವು ಅಪ್ಡೇಟ್‌ಗಳ ಮೂಲಕ ಹಳೆಯ ವಿಂಡೋಸ್ 7 ಮತ್ತು 8.1ಕ್ಕೂ ಈ ಸೇವೆ ಇಳಿಯಿತು. ಟಾಸ್ಕ್ ಮ್ಯಾನೇಜರ್ ತೆರೆದಾಗ 'ಮೈಕ್ರೋಸಾಫ್ಟ್ ಕಂಪ್ಯಾಟಿಬಿಲಿಟಿ ಟೆಲಿಮೆಟ್ರಿ' ಎಂಬ ಸಾಲು ಹಾರ್ಡ್‌ಡಿಸ್ಕನ್ನು ಉರುಳಿಸುತ್ತಿರುವುದು ಹಳೆಯ ಯಂತ್ರ ಇಟ್ಟುಕೊಂಡವರಿಗೆ ಪರಿಚಿತವೇ.

ಈಗಿನ ವಿಂಡೋಸ್‌ನಲ್ಲಿ ಇದಕ್ಕೆ ಎರಡು ಹಂತ. 'ರಿಕ್ವೈರ್ಡ್' ಎಂಬುದು ಕಡ್ಡಾಯ ಹಂತ: ಯಂತ್ರದ ಮಾದರಿ, ಮೆಮೊರಿ, ಡ್ರೈವರ್, ಅಪ್ಡೇಟ್ ಸರಿಯಾಗಿ ಕೂತಿತೋ ಇಲ್ಲವೋ, ಇಂಥವು. 'ಆಪ್ಷನಲ್' ಎಂಬುದು ಐಚ್ಛಿಕ: ಯಾವ ಪ್ರೋಗ್ರಾಮ್ ಎಷ್ಟು ಹೊತ್ತು ಬಳಸಿದಿರಿ, ಎಡ್ಜ್ ಬ್ರೌಸರಿನಲ್ಲಿ ಯಾವ ತಾಣಗಳಿಗೆ ಹೋದಿರಿ, ಇತ್ಯಾದಿ. ಮುಖ್ಯವಾದ ಒಂದು ಸಂಗತಿ ಈ ಎರಡನೆಯದರಲ್ಲಿದೆ. ಪ್ರೋಗ್ರಾಮ್ ಅಥವಾ ಯಂತ್ರ ಕುಸಿದಾಗ ಆ ಕ್ಷಣದಲ್ಲಿ ಮೆಮೊರಿಯಲ್ಲಿ ಏನಿತ್ತೋ ಅದರ ಪ್ರತಿಯೂ ಹೋಗಬಹುದು, ನೀವು ಬಳಸುತ್ತಿದ್ದ ಕಡತದ ಭಾಗಗಳು ಉದ್ದೇಶವಿಲ್ಲದೆಯೇ ಅದರಲ್ಲಿ ಸೇರಿರಬಹುದು ಎಂದು ಮೈಕ್ರೋಸಾಫ್ಟೇ ತನ್ನ ವಿವರಣೆಯಲ್ಲಿ ಬರೆದಿದೆ. ಬೇರೆಯವರ ಆಧಾರ್ ಸ್ಕ್ಯಾನ್ ತೆರೆದಿಟ್ಟುಕೊಂಡು ಕೆಲಸ ಮಾಡುವ ಅಂಗಡಿಗೆ ಈ ಒಂದು ವಾಕ್ಯ ಸಾಕು.

"ಹಂಗಾದ್ರ ಎಲ್ಲಾರ ಆಧಾರೂ ಅಮೆರಿಕಾಕ್ಕ ಹೋಗ್ತದೇನ್ರಿ?" ಎಂದ ಹುಡುಗ. ಇಲ್ಲ. ಕಡ್ಡಾಯ ಹಂತದ ವರದಿಯಲ್ಲಿ ನಿಮ್ಮ ಕಡತಗಳ ಒಳಗಿನ ಮಾತು ಹೋಗುವುದಿಲ್ಲ. ಕೋಟ್ಯಂತರ ಬೇರೆ ಬೇರೆ ಯಂತ್ರಗಳಲ್ಲಿ ಓಡುವ ತಂತ್ರಾಂಶಕ್ಕೆ ಯಾವ ಪ್ರಿಂಟರ್ ಡ್ರೈವರ್ ಎಲ್ಲಿ ಕೈಕೊಟ್ಟಿತು ಎಂದು ತಿಳಿಯುವ ಅಗತ್ಯವೂ ಸುಳ್ಳಲ್ಲ. ನನ್ನ ತಕರಾರು ಆ ಅಗತ್ಯದ ಮೇಲಲ್ಲ. ಅಷ್ಟಕ್ಕೇ ನಿಲ್ಲದೆ, ಹೆಚ್ಚಿನದನ್ನೂ ಮೊದಲೇ 'ಹೌದು' ಎಂದಿಟ್ಟು, ಬೇಡವೆನ್ನುವ ಕೆಲಸವನ್ನು ನಮ್ಮ ತಲೆಗೆ ಕಟ್ಟುವ ರೀತಿಯ ಮೇಲೆ.

ಈ ತಕರಾರನ್ನು ಎತ್ತಿದವರು ಇದ್ದಾರೆ, ಅದಕ್ಕೆ ಫಲವೂ ಸಿಕ್ಕಿದೆ. 2016ರ ಜುಲೈಯಲ್ಲಿ ಫ್ರಾನ್ಸಿನ ಮಾಹಿತಿ ರಕ್ಷಣಾ ಸಂಸ್ಥೆ ಸಿಎನ್‌ಐಎಲ್ ಮೈಕ್ರೋಸಾಫ್ಟ್‌ಗೆ ಬಹಿರಂಗ ನೋಟಿಸು ಕೊಟ್ಟಿತು. ವಿಂಡೋಸ್ 10 ಅಗತ್ಯಕ್ಕಿಂತ ಹೆಚ್ಚು ಸಂಗ್ರಹಿಸುತ್ತಿದೆ, ಜಾಹೀರಾತು ಗುರುತನ್ನು ಕೇಳದೆ ಚಾಲೂ ಮಾಡಿದೆ, ಮೂರು ತಿಂಗಳಲ್ಲಿ ಸರಿಪಡಿಸಿ ಎಂದಿತು. ಕಂಪನಿ ಕಡ್ಡಾಯ ಹಂತದ ಮಾಹಿತಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. 2017ರ ಜೂನ್‌ನಲ್ಲಿ ನೋಟಿಸು ಮುಕ್ತಾಯವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಸ್ಥೆಯೂ, ಏನು ಸಂಗ್ರಹಿಸುತ್ತೀರಿ ಎಂದು ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸಿಲ್ಲ, ಹೀಗಾಗಿ ಅವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ತೀರ್ಮಾನಿಸಿತು. 2018ರಿಂದ ವಿಂಡೋಸ್‌ನಲ್ಲಿ ಹೊರಹೋಗುವ ವರದಿಯನ್ನು ತೆರೆದು ನೋಡುವ ಒಂದು ಸಾಧನ ಸೇರಿತು. ಅರ್ಧ ಇಳಿಸಬಹುದಾಗಿತ್ತು ಎಂದಮೇಲೆ ಆ ಅರ್ಧ ಮೊದಲಿನಿಂದಲೂ ಬೇಕಾಗಿರಲಿಲ್ಲ ಎಂದಾಯಿತಲ್ಲ!

ಆ ದಿನ ಹುಡುಗನ ಯಂತ್ರದಲ್ಲಿ ನಾವು ಮೊದಲು ಮಾಡಿದ ಕೆಲಸ ಸುಲಭದ್ದು. ಸೆಟ್ಟಿಂಗ್ಸ್ ತೆರೆದು 'ಪ್ರೈವಸಿ ಅಂಡ್ ಸೆಕ್ಯುರಿಟಿ'ಗೆ ಹೋದೆವು, ಅಲ್ಲಿಂದ 'ಡಯಾಗ್ನೊಸ್ಟಿಕ್ಸ್ ಅಂಡ್ ಫೀಡ್‌ಬ್ಯಾಕ್'. ಐಚ್ಛಿಕ ವರದಿಯ ಗುಂಡಿ ಆಫ್. ಅದೇ ಪುಟದಲ್ಲಿ ಹಿಂದೆ ಕಳಿಸಿದ್ದನ್ನು ಅಳಿಸಿರಿ ಎಂದು ಕೋರುವ ಗುಂಡಿಯೂ ಇದೆ, ಅದನ್ನೂ ಒತ್ತಿದೆವು. ಜಾಹೀರಾತು ಗುರುತು ಆಫ್. ಟೈಪಿಂಗ್ ಗಮನಿಸುವುದು ಆಫ್. ಐದು ನಿಮಿಷ ಹಿಡಿಯಲಿಲ್ಲ.

ಆಮೇಲೆ ಕಂಡದ್ದು ಇದಕ್ಕಿಂತ ಗಂಭೀರ. ಯಂತ್ರ ಸಿದ್ಧಪಡಿಸುವಾಗ ಅವನು ಮೈಕ್ರೋಸಾಫ್ಟ್ ಖಾತೆ ತೆರೆದಿದ್ದನಲ್ಲ, ಅದರ ಜೊತೆಗೆ ಒನ್‌ಡ್ರೈವ್ ಕೂಡ ಬಂದಿತ್ತು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಈ ಮೂರು ಫೋಲ್ಡರುಗಳಲ್ಲಿ ಇಟ್ಟದ್ದನ್ನೆಲ್ಲ ಅದು ಇಂಟರ್‌ನೆಟ್ಟಿನಾಚೆಯ ಸರ್ವರಿಗೆ ಪ್ರತಿ ಮಾಡಬಲ್ಲದು. 2024ರ ಹೊತ್ತಿಗೆ ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಇದು ವಿಶೇಷವಾಗಿ ಕೇಳದೆಯೇ ಚಾಲೂ ಆಗುತ್ತಿದೆ ಎಂದು ತಂತ್ರಜ್ಞಾನದ ಪತ್ರಿಕೆಗಳು ಬರೆದವು. ನಮ್ಮ ಆನ್‌ಲೈನ್ ಅಂಗಡಿಗಳಲ್ಲಿ ಜನರ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಡುವುದು ಎಲ್ಲಿ? ಡೆಸ್ಕ್‌ಟಾಪಿನ ಮೇಲೇ. ಟೆಲಿಮೆಟ್ರಿಗೆ ಸಿಗದ ಆಧಾರ್ ಕಾರ್ಡು ಇಲ್ಲಿ ಇಡಿಯಾಗಿ ಹೋಗುತ್ತದೆ, ಅದೂ ಹುಡುಗನ ವೈಯಕ್ತಿಕ ಖಾತೆಯೊಳಗೆ. ಆ ಖಾತೆಯ ಪಾಸ್‌ವರ್ಡ್ ಯಾರ ಕೈಗಾದರೂ ಸಿಕ್ಕರೆ ಮುಂದಿನದು ಹೇಳಬೇಕಾಗಿಲ್ಲ. ಅಂಗಡಿಯವರು ಒಂದೇ ಒಂದು ಕೆಲಸ ಮಾಡುವುದಾದರೆ ಈ ಬ್ಯಾಕಪ್ ನಿಲ್ಲಿಸಲಿ, ಸಾಧ್ಯವಾದರೆ ಯಂತ್ರಕ್ಕೆ ಖಾತೆಯಿಲ್ಲದ ಸ್ಥಳೀಯ ಲಾಗಿನ್ ಮಾಡಿಕೊಳ್ಳಲಿ.

ಇನ್ನೊಂದು ಉಪಾಯವನ್ನು ಹೇಳಲು ನನಗೆ ಖುಷಿ, ಏಕೆಂದರೆ ಅದು ನಮ್ಮಂಥ ಊರಿಗೆ ಹೇಳಿ ಮಾಡಿಸಿದ್ದು. ಇಲ್ಲಿ ಎಷ್ಟೋ ಅಂಗಡಿಗಳು ನಡೆಯುವುದು ಮೊಬೈಲ್ ಹಾಟ್‌ಸ್ಪಾಟಿನ ಮೇಲೆ. ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿದರೆ ಸಂಜೆಯ ಗಿರಾಕಿ ವಾಪಸ್. ವಿಂಡೋಸ್‌ನಲ್ಲಿ ಒಂದು ವೈಫೈಯನ್ನು 'ಮೀಟರ್ಡ್ ಕನೆಕ್ಷನ್', ಅಂದರೆ ಅಳತೆಯ ಸಂಪರ್ಕ ಎಂದು ಗುರುತು ಹಾಕಬಹುದು. ದೊಡ್ಡ ಅಪ್ಡೇಟ್‌ಗಳು ಆಗ ತಡೆಹಿಡಿಯಲ್ಪಡುತ್ತವೆ ಎಂಬುದು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಇದು: ಸಾಮಾನ್ಯ ವರದಿಗಳು ಅಳತೆಯಿಲ್ಲದ ಸಂಪರ್ಕದಲ್ಲಿ, ಯಂತ್ರ ಕರೆಂಟಿನ ಮೇಲಿದ್ದರೆ 15 ನಿಮಿಷಕ್ಕೊಮ್ಮೆ, ಬ್ಯಾಟರಿಯ ಮೇಲಿದ್ದರೆ 4 ಗಂಟೆಗೊಮ್ಮೆ ಹೋಗಬಹುದು, ಅಳತೆಯ ಸಂಪರ್ಕದಲ್ಲಿ ಅವು ಹೋಗುವುದಿಲ್ಲ, ಕುಸಿತದ ವರದಿಗಳೂ ಹೋಗುವುದಿಲ್ಲ ಎಂದು ವಿಂಡೋಸ್ 10ರ ಕಾಲದ ಅಧಿಕೃತ ದಾಖಲೆಯಲ್ಲೇ ಇತ್ತು. ವೈಫೈ ಹೆಸರಿನ ಮೇಲೆ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಆ ಒಂದು ಗುಂಡಿ ಆನ್ ಮಾಡಿದರೆ ಡೇಟಾದ ದುಡ್ಡೂ ಉಳಿಯಿತು, ಮಾತೂ ಮನೆಯಲ್ಲೇ ಉಳಿಯಿತು. ವಾರಕ್ಕೊಮ್ಮೆ ಅದನ್ನು ತೆಗೆದು ಸುರಕ್ಷತಾ ಅಪ್ಡೇಟ್‌ಗಳನ್ನು ಮಾತ್ರ ಮರೆಯದೆ ಒಳಗೆ ಬಿಟ್ಟುಕೊಳ್ಳಬೇಕು.

ಕಡ್ಡಾಯ ಹಂತವನ್ನೂ ಪೂರ್ತಿ ನಿಲ್ಲಿಸಬಹುದೇ? ಇಲ್ಲಿ ಬರುತ್ತದೆ ನನಗೆ ಸಿಟ್ಟು ತರಿಸುವ ಸಂಗತಿ. ವಿಂಡೋಸ್‌ನಲ್ಲಿ ವರದಿಯನ್ನು ಸೊನ್ನೆಗೆ ಇಳಿಸುವ ಏರ್ಪಾಡು ಇದೆ. ಆದರೆ ಅದು ದೊಡ್ಡ ಸಂಸ್ಥೆಗಳಿಗೆ ಮಾರುವ ಎಂಟರ್‌ಪ್ರೈಸ್, ಎಜುಕೇಶನ್, ಸರ್ವರ್‌ನಂಥ ಆವೃತ್ತಿಗಳಿಗೆ ಮಾತ್ರ. ಹೋಮ್ ಮತ್ತು ಪ್ರೊ ಆವೃತ್ತಿಯಲ್ಲಿ ರಿಜಿಸ್ಟ್ರಿ ಎಂಬ ಒಳಗಿನ ಸೆಟ್ಟಿಂಗುಗಳ ಪಟ್ಟಿಗೆ ಹೋಗಿ ಸೊನ್ನೆ ಎಂದು ಬರೆದರೂ ಯಂತ್ರ ಅದನ್ನು ಒಂದು ಎಂದೇ ಓದಿಕೊಳ್ಳುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಗೆ ಸಿಗುವ 'ಬೇಡ' ಎನ್ನುವ ಹಕ್ಕು ಹುಮನಾಬಾದಿನ ಅಂಗಡಿಗೆ ಇಲ್ಲ. ಮೌನಕ್ಕೂ ಲೈಸೆನ್ಸ್ ಬೇಕು ಎಂದರೆ ಹೇಗೆ?

ಆಗ ಜನ ಬೇರೆ ದಾರಿ ಹುಡುಕುತ್ತಾರೆ. ಅದರಲ್ಲಿ ಹಳೆಯದು 'ಹೋಸ್ಟ್ಸ್' ಕಡತ. ಕಂಪ್ಯೂಟರ್ ಒಂದು ತಾಣಕ್ಕೆ ಹೋಗುವ ಮೊದಲು ಅದರ ವಿಳಾಸ ಕೇಳುತ್ತದೆ. ಊರಿಗೆ ಬಂದವರು ಅಗಸಿಯಲ್ಲಿ ಕೂತವರನ್ನು ಮನೆ ಎಲ್ಲಿ ಎಂದು ಕೇಳುತ್ತಾರಲ್ಲ, ಹಾಗೆ. ವರದಿ ಸ್ವೀಕರಿಸುವ ಸರ್ವರುಗಳ ಹೆಸರನ್ನು ಆ ಕಡತದಲ್ಲಿ ಬರೆದು, ಅಂಥ ಮನೆ ಈ ಊರಲ್ಲಿಲ್ಲ ಎಂದು ಹೇಳಿಸಿದರೆ ವರದಿ ಅಲ್ಲೇ ನಿಲ್ಲುತ್ತದೆ. 2020ರಲ್ಲಿ ಏನಾಯಿತೆಂದರೆ, ಹೀಗೆ ಮೈಕ್ರೋಸಾಫ್ಟ್ ಸರ್ವರುಗಳನ್ನು ತಡೆದ ಕಡತವನ್ನು ವಿಂಡೋಸ್‌ನ ಸ್ವಂತ ವೈರಸ್ ಕಾವಲುಗಾರ ಡಿಫೆಂಡರ್ ಗಂಭೀರ ಅಪಾಯವೆಂದು ಗುರುತಿಸಿ, ಮೂಲ ಸ್ಥಿತಿಗೆ ತರತೊಡಗಿತು. ವೈರಸ್‌ಗಳೂ ಆ ಕಡತವನ್ನು ತಿದ್ದುತ್ತವೆ ಎಂಬುದು ನಿಜ. ಆದರೂ ಮನೆಯ ಯಜಮಾನನೇ ಹಾಕಿದ ಚಿಲಕವನ್ನು ಕಾವಲುಗಾರ ತೆಗೆದ ಹಾಗಾಯಿತು. ಜರ್ಮನಿಯ ಸರ್ಕಾರಿ ಮಾಹಿತಿ ಸುರಕ್ಷತಾ ಸಂಸ್ಥೆ ಬಿಎಸ್‌ಐ 2018ರಲ್ಲಿ ವಿಂಡೋಸ್ 10ನ್ನು ಬಿಚ್ಚಿ ಪರೀಕ್ಷಿಸಿ ಹೇಳಿದ್ದೂ ಇದನ್ನೇ: ಸಂಗ್ರಹವನ್ನು ಪೂರ್ತಿ ನಿಲ್ಲಿಸುವುದು ತಾಂತ್ರಿಕವಾಗಿ ಸಾಧ್ಯ, ಆದರೆ ಸಾಮಾನ್ಯ ಬಳಕೆದಾರರಿಗೆ ಕಷ್ಟ.

ತಡೆಯನ್ನು ಯಂತ್ರದ ಹೊರಗೆ ಇಡುವುದು ಇದಕ್ಕಿಂತ ಗಟ್ಟಿ. ಅಂಗೈಯಗಲದ ರಾಸ್ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಪೈ-ಹೋಲ್ ಎಂಬ ಉಚಿತ ತಂತ್ರಾಂಶ ಹಾಕಿ ವೈಫೈ ಪೆಟ್ಟಿಗೆಯ ಪಕ್ಕ ಇಟ್ಟರೆ, ಆ ಜಾಲದ ಎಲ್ಲ ಯಂತ್ರಗಳೂ ವಿಳಾಸ ಕೇಳುವುದು ಅದನ್ನೇ. ಯಾವ ಯಂತ್ರ ಎಷ್ಟು ಸಲ ಯಾವ ಹೆಸರು ಕೇಳಿತು ಎಂದೂ ಅದು ತೋರಿಸುತ್ತದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಇದು ತಕ್ಕದ್ದು. ಮಕ್ಕಳು ಆ ಪಟ್ಟಿ ನೋಡಿದರೆ ಈ ಅಂಕಣಕ್ಕಿಂತ ಹೆಚ್ಚು ಕಲಿಯುತ್ತಾರೆ.

ಒಂದು ಎಚ್ಚರ ಮಾತ್ರ ಇಲ್ಲೇ ಹೇಳಬೇಕು. ಟೆಲಿಮೆಟ್ರಿ ತೆಗೆದುಹಾಕಿದ ವಿಂಡೋಸ್ ಎಂದು ಪೆನ್‌ಡ್ರೈವಿನಲ್ಲಿ ಸಿಗುವ ನಕಲಿ ಪ್ರತಿಗಳನ್ನು, ಕ್ರ್ಯಾಕ್‌ಗಳನ್ನು ದಯವಿಟ್ಟು ಹಾಕಿಕೊಳ್ಳಬೇಡಿ. ಮೈಕ್ರೋಸಾಫ್ಟ್ ಏನು ಒಯ್ಯುತ್ತದೆ ಎಂದಾದರೂ ಬರೆದಿಟ್ಟಿದೆ. ಕ್ರ್ಯಾಕ್ ಮಾಡಿದವನು ಏನು ಒಯ್ಯುತ್ತಾನೆಂದು ಎಲ್ಲೂ ಬರೆದಿಲ್ಲ.

ಮೂಲದಲ್ಲೇ ಬೇರೆ ದಾರಿ ಬೇಕೆನ್ನುವವರಿಗೆ ಲಿನಕ್ಸ್ ಎಂಬ ಸ್ವತಂತ್ರ ಆಪರೇಟಿಂಗ್ ಸಿಸ್ಟಮ್ ಇದೆ. ಅದು ಕನ್ನಡಿಗರಿಗೆ ಹೊಸದೂ ಅಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಐಟಿ@ಸ್ಕೂಲ್ ಯೋಜನೆಯಲ್ಲಿ, ಈಗ ಅದು ಕೈಟ್ ಎಂಬ ಸಂಸ್ಥೆ, ಶಾಲೆಯ ಕಂಪ್ಯೂಟರ್ ಪಾಠವನ್ನು ಸ್ವತಂತ್ರ ತಂತ್ರಾಂಶದ ಮೇಲೇ ಕಲಿಯುತ್ತಾರೆ. ನಮ್ಮಲ್ಲೂ 2011ರ ಸುಮಾರಿಗೆ ಶುರುವಾದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಎಂಬ ಲಿನಕ್ಸ್ ಕಲಿತರು. ಹಾಗೆಂದು ಲಿನಕ್ಸ್ ಎಂದರೆ ಕಣ್ಣುಮುಚ್ಚಿ ನಂಬುವುದಲ್ಲ. 2012ರಲ್ಲಿ ಉಬುಂಟುವಿನಲ್ಲೇ, ನಿಮ್ಮ ಕಂಪ್ಯೂಟರಿನೊಳಗೆ ಹುಡುಕಿದ ಪದವನ್ನು ಹೊರಗೆ ಕಳಿಸಿ ಅಮೆಜಾನ್‌ನ ಸಾಮಾನು ತೋರಿಸುವ ವ್ಯವಸ್ಥೆ ಬಂದಿತ್ತು. ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ ಅದನ್ನು ಗೂಢಚಾರ ತಂತ್ರಾಂಶ ಎಂದೇ ಕರೆದರು. 2016ರ ಆವೃತ್ತಿಯಲ್ಲಿ ಅದು ತಾನಾಗಿ ಚಾಲೂ ಇರುವುದು ನಿಂತಿತು. ಸ್ವತಂತ್ರ ತಂತ್ರಾಂಶದ ಲಾಭ ಇಷ್ಟೇ, ಇಂಥದ್ದು ನಡೆದಾಗ ತೆರೆದು ನೋಡಬಹುದು, ಕಿತ್ತೆಸೆಯಬಹುದು.

ಆದರೆ ನಮ್ಮ ಹುಡುಗ ಇವತ್ತೇ ಲಿನಕ್ಸ್‌ಗೆ ಹೋಗಲಾರ. ಬೆರಳಚ್ಚಿನ ಡಬ್ಬಿಗೆ ಬೇಕಾದ ತಂತ್ರಾಂಶ ಸಿಗುವುದು ಹೆಚ್ಚಾಗಿ ವಿಂಡೋಸ್, ಆಂಡ್ರಾಯ್ಡ್‌ಗೆ. ಮದುವೆ ಪತ್ರಿಕೆ, ಬ್ಯಾನರು, ಅರ್ಜಿ ಎಲ್ಲವೂ ಹಳೆಯ ನುಡಿ ಫಾಂಟಿನಲ್ಲಿವೆ. ಯೂನಿಕೋಡಿನಲ್ಲಿ ಬರೆಯುವವರಿಗೆ ಲಿನಕ್ಸ್‌ನಲ್ಲೂ ನುಡಿಯ ಕೀಲಿವಿನ್ಯಾಸವೇ ಸಿಗುತ್ತದೆ, ಬೆರಳು ಹೊಸದಾಗಿ ಕಲಿಯಬೇಕಾಗಿಲ್ಲ. ಹಳೆಯ ಫಾಂಟಿನ ಕಡತಗಳೇ ಕಾಲಿಗೆ ತೊಡಕು. ಅವನ ಮೂಲೆಯಲ್ಲಿ ಬಿದ್ದ ಹಳೆಯ ಯಂತ್ರವನ್ನು ಮಾತ್ರ ನಾವು ಬದಲಿಸಲು ಹೊರಟಿದ್ದೇವೆ. ವಿಂಡೋಸ್ 10ರ ಉಚಿತ ಅಪ್ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರು ಇನ್ನೊಂದು ವರ್ಷದ ಸುರಕ್ಷತಾ ಅಪ್ಡೇಟ್ ಬೇಕೆಂದರೆ ಮೈಕ್ರೋಸಾಫ್ಟ್ ಖಾತೆಯಿಂದಲೇ ಒಳಗೆ ಹೋಗಬೇಕು. ಅದರ ಬದಲು ಲಿನಕ್ಸ್ ಹಾಕಿದರೆ ಪಹಣಿ ತೆಗೆಯಲು, ಸೇವಾ ಸಿಂಧು ತೆರೆಯಲು, ಪ್ರಿಂಟ್ ಕೊಡಲು ಆ ಯಂತ್ರ ಇನ್ನೂ ಕೆಲವು ವರ್ಷ ದುಡಿದೀತು.

ಕಾನೂನಿನ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗಲೇ ಎಂಬತ್ತು ದಾಟಿದ್ದ ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ತೀರ್ಪಿನ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು. ಮುಖ್ಯ ಹೊಣೆಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಗಡುವು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲೋ ಓದುವ ಆಯ್ಕೆ ಜನರಿಗೆ ಇರಬೇಕು ಎಂಬ ಒಂದು ಸಾಲು ಆ ಕಾಯ್ದೆಯಲ್ಲಿದೆ. ಆ ಅನುಸೂಚಿಯಲ್ಲಿ ಕನ್ನಡವಿದೆ. ಬೀದರ್ ಕಡೆ ಮನೆಮನೆಯಲ್ಲಿ ಕೇಳುವ ಮರಾಠಿ, ಉರ್ದು ಇವೆ. ಗಡುವು ಮುಗಿದ ಮೇಲೂ ಆ ಪರದೆ ಇಂಗ್ಲಿಷಿನಲ್ಲಷ್ಟೇ ಬಂದರೆ ಕೇಳಬೇಕಾದವರು ನಾವು. ಫ್ರಾನ್ಸಿನವರು ಕೇಳಿದ್ದಕ್ಕೆ ಅರ್ಧ ಇಳಿಯಿತು ಎಂಬುದು ನೆನಪಿರಲಿ.

ಸಂಜೆ ಹೊತ್ತಿಗೆ ದುಬಲಗುಂಡಿ ಕಡೆಯ ಅಜ್ಜಿಯೊಬ್ಬರು ಪಿಂಚಣಿಯ ಕಾಗದ ಹಿಡಿದು ಬಂದರು. ಹುಡುಗ ಆಧಾರ್ ಸ್ಕ್ಯಾನ್ ಮಾಡಿದ, ಅರ್ಜಿ ಹಾಕಿದ, ರಸೀದಿ ಪ್ರಿಂಟ್ ಕೊಟ್ಟ. ಅಜ್ಜಿ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸುತ್ತಿದ್ದಾಗ ನನ್ನ ಕಡೆ ಒಮ್ಮೆ ನೋಡಿ, ಅವರನ್ನು ಕೇಳಿದ.

"ಆಯಿ, ನಿಮ್ಮ ಆಧಾರ್ ಇದ್ರಾಗ ಅದ. ಇಡ್ಲೇನು, ಅಳಸ್ಲೇನು?"

ಅಜ್ಜಿ ಕೈಯಲ್ಲಿದ್ದ ಕಾರ್ಡನ್ನು ತಿರುಗಿಸಿ ನೋಡಿದರು, ಆಮೇಲೆ ಪರದೆಯನ್ನು ನೋಡಿದರು.

"ನಾ ತೊಗೊಂಡೀನಲ್ಲಪ್ಪಾ. ಇದ್ರಾಗೂ ಉಳೀತದೇನು?"

ಹುಡುಗ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದ. ಫೋಟೋ ತೋರಿಸಿ ಅಳಿಸಿದ, ರಿಸೈಕಲ್ ಬಿನ್ ತೆರೆದು ಅಲ್ಲಿಂದಲೂ ತೆಗೆದ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಖಾಲಿಯಾದ ಆ ಜಾಗವನ್ನು ನೋಡಿದರು. ಆಮೇಲೆ ಕಾರ್ಡನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.